‘ಇಲ್ಲದಿದ್ದರೆ ಏನು?’ ಅಂತ ಸಂವಿಧಾನವನ್ನು ಕೇಳಿ ನೋಡಿ

ಪ್ರಶ್ನೆ: ಮೇಷ್ಟ್ರೇ, ನಮ್ಮೂರು ಬಾಗಲಕೋಟೆ, ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ಹನ್ನೊಂದನೇ ಕ್ಲಾಸಿನ ಮಗಳು ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: ಉತ್ತರ ಕೊರಿಯಾಗೂ ಸಂವಿಧಾನ ಇದೆಯಂತೆ, ಬ್ರಿಟನ್ನಿಗೆ ಅಂಥ ಪುಸ್ತಕವೇ ಇಲ್ಲವಂತೆ. ಹಾಗಿದ್ದ ಮೇಲೆ ಸಂವಿಧಾನದಿಂದ ಸರ್ಕಾರ ರೂಪುಗೊಳ್ಳುತ್ತದೆ ಅನ್ನೋದು ಬರೀ ಮಾತಲ್ವಾ? ಜನ ನೆಟ್ಟಗಿದ್ದರೆ ಎಲ್ಲ ಸರಿ, ಇಲ್ಲದಿದ್ದರೆ ಯಾವ ಪುಸ್ತಕವೂ ಕೆಲಸಕ್ಕೆ ಬರಲ್ಲ, ಅಷ್ಟೇ ತಾನೇ? ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯದೂ ಇದೇ ಕತೆ. ಕಮಿಟಿಯ ಅವಧಿ ಮುಗಿದು ಒಂದೂವರೆ ವರ್ಷವಾಯಿತು, ಚುನಾವಣೆಯ ಸುದ್ದಿಯೇ ಇಲ್ಲ. ಬೈಲಾ ಅನ್ನುವ ನಿಯಮಗಳ ಪುಸ್ತಕ ಮಾತ್ರ ಆಫೀಸಿನ ಕಪಾಟಿನಲ್ಲಿ ಭದ್ರವಾಗಿದೆ.

ಉತ್ತರ: ನಿಮ್ಮ ಮಗಳು ಜಾಣೆ. ಮೂವತ್ತು ವರ್ಷ ಮುಂಬೈಯಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಸಂವಿಧಾನ ಪಾಠ ಮಾಡಿದೆ. ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಿದ್ದರು. ಮೊದಮೊದಲು ನಾನೂ ಎಲ್ಲರ ಹಾಗೆ ಅಂಬೇಡ್ಕರ್ ಅವರ 1949ರ ನವೆಂಬರ್ 25ರ ಭಾಷಣ ಹೇಳಿ ಪಾರಾಗುತ್ತಿದ್ದೆ. ಸಂವಿಧಾನ ಎಷ್ಟೇ ಒಳ್ಳೆಯದಿರಲಿ, ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಮಾತು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ, ಅದೇ ಸಭೆ ಹೆಚ್ಚುಕಮ್ಮಿ ಮೂರು ವರ್ಷ ಕೂತು 395 ವಿಧಿ, 8 ಅನುಸೂಚಿ ಯಾಕೆ ಬರೆಯಿತು? ಎಲ್ಲ ಜನರ ಮೇಲೇ ನಿಂತಿದ್ದರೆ ಒಂದು ಪುಟ ಸಾಕಿತ್ತಲ್ವಾ?

ಈಗ ನಾನು ಬೇರೆ ಥರ ಹೇಳುತ್ತೇನೆ. ಯಾವ ದೇಶದ ಸಂವಿಧಾನವನ್ನಾದರೂ ಕೈಗೆ ತಗೊಳ್ಳಿ, ಪೀಠಿಕೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಸ್ವಾತಂತ್ರ್ಯ, ಸಮಾನತೆ, ಘನತೆ ಎಲ್ಲ ಎಲ್ಲರ ಪುಸ್ತಕದಲ್ಲೂ ಇರುತ್ತವೆ, ಮದುವೆ ಕರೆಯೋಲೆಯಲ್ಲಿ ಶ್ಲೋಕ ಇದ್ದ ಹಾಗೆ. ಓದಿದರೆ ಆಕಳಿಕೆ ಬರುವ ಪುಟಗಳಿಗೆ ಹೋಗಿ. ಸಹಿ ಯಾರದು, ಎಷ್ಟು ದಿನದೊಳಗೆ, ಎಷ್ಟು ಜನ ಕೈ ಎತ್ತಬೇಕು, ಅವರು ಸುಮ್ಮನೆ ಕೂತರೆ ಏನು. ಈ ಕೊನೆಯದಕ್ಕೆ ನಾನು ಇಟ್ಟ ಹೆಸರು ‘ಇಲ್ಲದಿದ್ದರೆ’. ಅದು ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ, ಇಷ್ಟು ನೋಡಿದರೆ ಆ ದೇಶದ ಸರ್ಕಾರ ಹೇಗೆ ನಡೆಯುತ್ತದೆ ಅಂತ ಮುಕ್ಕಾಲು ಪಾಲು ಹೇಳಬಹುದು.

ನೀವು ಸೊಸೈಟಿಯ ಮಾತೆತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. ನಾನಿರುವುದು ಡೊಂಬಿವಲಿಯಲ್ಲಿ, 64 ಫ್ಲ್ಯಾಟಿನ ಕಟ್ಟಡ. ಎಜಿಎಂ, ಅಂದರೆ ವರ್ಷದ ಸಾಮಾನ್ಯ ಸಭೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂತ ನೋಟಿಸ್ ಹಾಕಿದ್ದರು. ಹತ್ತು ಗಂಟೆಗೆ ಪಾರ್ಕಿಂಗಿನಲ್ಲಿ ಹಾಕಿದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂಬತ್ತು ಜನ. ಬೈಲಾ ಪ್ರಕಾರ ಒಟ್ಟು ಸದಸ್ಯರ ಮೂರರಲ್ಲಿ ಎರಡು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಇದ್ದರೆ ಕೋರಂ. ಒಂಬತ್ತು ಜನಕ್ಕೆ ಸಭೆ ಆಗಲ್ಲ. ಆದರೆ ಸೆಕ್ರೆಟರಿ ಸ್ವಲ್ಪವೂ ಗಾಬರಿಯಾಗಲಿಲ್ಲ. ವಡಾಪಾವ್ ತಿಂದರು, ಕೈ ಒರೆಸಿಕೊಂಡರು, ಮೊಬೈಲಿನಲ್ಲಿ ಹತ್ತೂವರೆ ಆದದ್ದು ನೋಡಿ ‘ಚಲಾ, ಸುರು ಕರೂಯಾ’ (ನಡೀರಿ, ಶುರು ಮಾಡೋಣ) ಅಂದರು. ಅರ್ಧ ಗಂಟೆಯಲ್ಲಿ ಕೋರಂ ತುಂಬದಿದ್ದರೆ ಸಭೆಯನ್ನು ಮುಂದೂಡಬಹುದು, ನೋಟಿಸಿನಲ್ಲಿ ಹೇಳಿದ್ದರೆ ಅದೇ ದಿನವೂ ಸೇರಬಹುದು, ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ. ಒಂಬತ್ತು ಜನ ಕಟ್ಟಡಕ್ಕೆ ಬಣ್ಣ ಬಳಿಸುವ ಕಂತ್ರಾಟು ಪಾಸ್ ಮಾಡಿದರು. ಮೇಲೆ ಮಲಗಿದ್ದ ಐವತ್ತೈದು ಮನೆಗೆ ಮುಂದಿನ ತಿಂಗಳು ಬಿಲ್ ಬಂತು. ಆಮೇಲೆ ನಡೆದ ಜಗಳ ಬೇರೆಯೇ ಪುರಾಣ, ಬಿಡಿ.

ಹಾಗಂತ ಆ ನಿಯಮ ತಪ್ಪಲ್ಲ. ಅದಿಲ್ಲದಿದ್ದರೆ ನಮ್ಮ ಕಟ್ಟಡದಲ್ಲಿ ಯಾವ ಸಭೆಯೂ ಎಂದೂ ನಡೆಯುತ್ತಿರಲಿಲ್ಲ. ವಿಷಯ ಇಷ್ಟೇ: ಸಾಮಾನ್ಯ ಸಭೆಯೇ ಸರ್ವೋಚ್ಚ ಅಂತ ದಪ್ಪಕ್ಷರದಲ್ಲಿ ಬರೆದದ್ದಕ್ಕಿಂತ ಕೆಳಗಿನ ಆ ಅರ್ಧ ಗಂಟೆಯ ಸಾಲು ನಮ್ಮ ಸೊಸೈಟಿಯನ್ನು ಜಾಸ್ತಿ ಆಳುತ್ತಿದೆ. ದೇಶಗಳೂ ಹೀಗೇ.

ಈಗ ನಿಮ್ಮ ಮಗಳಿಗೆ ಕೊರಿಯಾದ ಕತೆ ಹೇಳಿ. ಉತ್ತರ ಕೊರಿಯಾದ್ದಲ್ಲ, ದಕ್ಷಿಣದ್ದು. 2024ರ ಡಿಸೆಂಬರ್ 3, ರಾತ್ರಿ ಹತ್ತೂವರೆ ಹೊತ್ತಿಗೆ ಅಲ್ಲಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಬಂದು ಸೇನಾ ಆಡಳಿತ ಘೋಷಿಸಿದರು. ಸೈನಿಕರು ಸಂಸತ್ತಿಗೆ ಬಂದರು, ಕಿಟಕಿ ಗಾಜು ಒಡೆದು ಒಳನುಗ್ಗಿದರು. ಅವರಿಗಿಂತ ಮೊದಲೇ ಒಳಗೆ ಸೇರಬೇಕು ಅಂತ ಸದಸ್ಯರು ಓಡಿಬಂದರು. ಗೇಟು ಮುಚ್ಚಿದ್ದ ಕಡೆ ಕಾಂಪೌಂಡು ಹತ್ತಿ ಹಾರಿದರು, ಅರವತ್ತು ದಾಟಿದ್ದ ಸ್ಪೀಕರ್ ಸಮೇತ! ಸಿಬ್ಬಂದಿ ಬಾಗಿಲಿಗೆ ಸೋಫಾ, ಕುರ್ಚಿ ಒಡ್ಡಿ ನಿಂತರು. ಯಾಕೆ ಇಷ್ಟು ಅವಸರ? ಸಂವಿಧಾನದ 77ನೇ ವಿಧಿಯಲ್ಲಿ ಒಂದು ಸಾಲಿದೆ. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇನಾ ಆಡಳಿತ ತೆಗೆಯಿರಿ ಅಂತ ಮತ ಹಾಕಿದರೆ ಅಧ್ಯಕ್ಷರು ತೆಗೆಯಲೇಬೇಕು. ಸದನದಲ್ಲಿ 300 ಜನ, ಬೇಕಿದ್ದದ್ದು 151 ಮತ. ರಾತ್ರಿ ಒಂದು ಗಂಟೆಗೆ 190 ಜನ ಒಳಗಿದ್ದರು. 190ಕ್ಕೆ 190 ಮತ ಬಿತ್ತು. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಸೇನಾ ಆಡಳಿತ ಹೋಯಿತು. ಹನ್ನೊಂದು ದಿನಕ್ಕೆ ಸಂಸತ್ತು ಅಧ್ಯಕ್ಷರ ವಿರುದ್ಧ ಮಹಾಭಿಯೋಗ ಪಾಸ್ ಮಾಡಿತು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಎಂಟೂ ನ್ಯಾಯಾಧೀಶರು ಒಮ್ಮತದಿಂದ ಅವರನ್ನು ಕೆಳಗಿಳಿಸಿದರು.

ಇಲ್ಲಿ ಜನ ಗೆದ್ದರೋ, ಪುಸ್ತಕ ಗೆದ್ದಿತೋ? ಕಾಂಪೌಂಡು ಹಾರಿದ್ದು ಜನವೇ. ಆದರೆ ಹಾರಿ ಎಲ್ಲಿಗೆ ಹೋಗಬೇಕು, ಎಷ್ಟು ಜನ ಸೇರಿದರೆ ಸಾಕು ಅನ್ನುವುದು ಅವರಿಗೆ ಮೊದಲೇ ಗೊತ್ತಿತ್ತಲ್ಲ, ಅದು ಪುಸ್ತಕದ್ದು. ಆ ಸಾಲು ಇರದಿದ್ದರೆ ಅದೇ 190 ಜನ ರಸ್ತೆಯಲ್ಲಿ ಘೋಷಣೆ ಕೂಗುತ್ತಾ ನಿಂತಿರುತ್ತಿದ್ದರು.

ನಮ್ಮದೂ ಒಂದು ರಾತ್ರಿ ಇದೆ, ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25. ಸಚಿವ ಸಂಪುಟಕ್ಕೆ ಗೊತ್ತೇ ಇರಲಿಲ್ಲ, ರಾಷ್ಟ್ರಪತಿಗಳ ಸಹಿ ಬಿದ್ದಾಗಿತ್ತು. ಮಂತ್ರಿಗಳಿಗೆ ತಿಳಿದದ್ದು ಮರುದಿನ ಬೆಳಿಗ್ಗೆ. ತುರ್ತು ಪರಿಸ್ಥಿತಿ ಹೇರಲು ಕಾರಣ ಅಂತ ಸಂವಿಧಾನದಲ್ಲಿ ‘ಆಂತರಿಕ ಗಲಭೆ’ ಅನ್ನುವ ಎರಡು ಪದ ಇದ್ದವು, ಅದರೊಳಗೆ ಏನು ಬೇಕಾದರೂ ತುಂಬಬಹುದಿತ್ತು. 1978ರ 44ನೇ ತಿದ್ದುಪಡಿಯಲ್ಲಿ ಏನು ಮಾಡಿದರು ನೋಡಿ. ಆ ಎರಡು ಪದ ತೆಗೆದು ‘ಸಶಸ್ತ್ರ ಬಂಡಾಯ’ ಅಂತ ಹಾಕಿದರು. ಸಂಪುಟದ ತೀರ್ಮಾನ ಬರಹದಲ್ಲಿ ಬರದೆ ರಾಷ್ಟ್ರಪತಿಗಳು ಸಹಿ ಹಾಕುವ ಹಾಗಿಲ್ಲ ಅಂದರು. ಸಂಸತ್ತಿನ ಒಪ್ಪಿಗೆಗೆ ಎರಡು ತಿಂಗಳಿದ್ದದ್ದು ಒಂದು ತಿಂಗಳಾಯಿತು, ಸಾದಾ ಬಹುಮತದ ಬದಲು ವಿಶೇಷ ಬಹುಮತ ಬೇಕಾಯಿತು. ಬದುಕಿನ ಹಕ್ಕು ಹೇಳುವ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವ ಹಾಗಿಲ್ಲ ಅಂತಲೂ ಆಯಿತು. ಇದರಲ್ಲಿ ಭಾಷಣ ಒಂದೂ ಇಲ್ಲ, ಎಲ್ಲ ಗುಮಾಸ್ತರ ಭಾಷೆ. ಆ ಕಾಲದಲ್ಲಿ ಸುಟ್ಟುಕೊಂಡವರು ಕೂತು ಬರೆದದ್ದು, ಅದಕ್ಕೇ ಅಷ್ಟು ಗಟ್ಟಿ.

ಹೀಗೆ ಸುಟ್ಟುಕೊಂಡು ಬರೆದವರಲ್ಲಿ ಜರ್ಮನರು ಎಲ್ಲರಿಗಿಂತ ಮುಂದೆ. 1919ರ ವೈಮಾರ್ ಸಂವಿಧಾನ ಆ ಕಾಲಕ್ಕೆ ಬಹಳ ಹೊಗಳಿಸಿಕೊಂಡದ್ದು. ಅದರ ಅಡಿಯಲ್ಲಿ ಹದಿನಾಲ್ಕು ವರ್ಷಕ್ಕೆ ಇಪ್ಪತ್ತರ ಆಸುಪಾಸು ಸಂಪುಟಗಳು ಬಂದು ಹೋದವು. 1932ರ ಜುಲೈ ಚುನಾವಣೆಯಾದ ಮೇಲೆ ನಾಜಿಗಳು, ಕಮ್ಯುನಿಸ್ಟರು ಸೇರಿದರೆ ಅರ್ಧಕ್ಕಿಂತ ಜಾಸ್ತಿ. ಇವರಿಬ್ಬರಿಗೂ ಹಾವು ಮುಂಗುಸಿ ಸಂಬಂಧ, ಸೇರಿ ಸರ್ಕಾರ ಮಾಡಲು ಸಾಧ್ಯವೇ ಇಲ್ಲ. ಆದರೆ ಇರುವ ಸರ್ಕಾರ ಬೀಳಿಸಲು ಸೇರಬಹುದಲ್ಲ! 1949ರಲ್ಲಿ ಹೊಸದಾಗಿ ಬರೆಯುವಾಗ 67ನೇ ವಿಧಿಯಲ್ಲಿ ಅದಕ್ಕೆ ಮದ್ದು ಅರೆದರು. ಚಾನ್ಸಲರ್, ಅಂದರೆ ಅಲ್ಲಿನ ಪ್ರಧಾನಿಯ ಮೇಲೆ ಅವಿಶ್ವಾಸ ತರಬೇಕಾದರೆ ಅದೇ ಮತದಲ್ಲಿ ಮುಂದಿನ ಚಾನ್ಸಲರ್ ಯಾರು ಅಂತ ಆರಿಸಬೇಕು. ಇಳಿಸುವುದಕ್ಕೆ ಮಾತ್ರ ಒಂದಾಗುವ ಆಟ ಅಲ್ಲಿಗೆ ಮುಗಿಯಿತು. ಅಂದಿನಿಂದ ಈ ವಿಧಿ ಬಳಸಿ ಪ್ರಯತ್ನ ನಡೆದದ್ದು ಎರಡೇ ಸಲ. 1972ರಲ್ಲಿ ವಿಲ್ಲಿ ಬ್ರಾಂಟ್ ವಿರುದ್ಧ 249 ಮತ ಬೇಕಿತ್ತು, 247 ಬಿತ್ತು. (ಎದುರು ಪಕ್ಷದ ಸದಸ್ಯರೊಬ್ಬರಿಗೆ ಪೂರ್ವ ಜರ್ಮನಿಯ ಗುಪ್ತಚರರು ದುಡ್ಡು ಕೊಟ್ಟದ್ದು ಆಮೇಲೆ ಗೊತ್ತಾಯಿತು. ರೆಸಾರ್ಟು ನೋಡಿದ ನಮಗೆ ಇದೇನು ಮಹಾ ಅನ್ನಿಸಬಹುದು.) 1982ರಲ್ಲಿ ಹೆಲ್ಮುಟ್ ಕೋಲ್ ಗೆದ್ದರು. 1949ರಿಂದ ಇವತ್ತಿನವರೆಗೆ ಜರ್ಮನಿಗೆ ಹತ್ತೇ ಚಾನ್ಸಲರುಗಳು. ಇಟಲಿಯಲ್ಲಿ ಅಷ್ಟೇ ಕಾಲದಲ್ಲಿ 60ಕ್ಕೂ ಹೆಚ್ಚು ಸರ್ಕಾರಗಳು ಬಂದವು. ಜರ್ಮನರ ಸ್ವಭಾವ ಶಿಸ್ತಿನದು, ಅದಕ್ಕೆ ಹಾಗೆ ಅನ್ನುವವರಿದ್ದಾರೆ. ವೈಮಾರ್ ಕಾಲದಲ್ಲೂ ಅವರು ಜರ್ಮನರೇ ಆಗಿದ್ದರಲ್ವಾ? ಈ ವಿಧಿಯನ್ನು ಸ್ಪೇನ್ 1978ರಲ್ಲಿ ತನ್ನ ಸಂವಿಧಾನಕ್ಕೂ ಹಾಕಿಕೊಂಡಿತು. 2018ರಲ್ಲಿ ಅಲ್ಲಿ ಪ್ರಧಾನಿ ಬದಲಾದದ್ದು ಇದರಿಂದಲೇ.

ದುಡ್ಡಿನ ವಿಷಯಕ್ಕೆ ಬನ್ನಿ, ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದಲ್ಲಿ ಸಂಸತ್ತು ಮಂಜೂರು ಮಾಡದೆ ಖಜಾನೆಯಿಂದ ಒಂದು ಡಾಲರ್ ಹೊರಬರುವ ಹಾಗಿಲ್ಲ ಅಂತ ಸಂವಿಧಾನದ ಮೊದಲ ವಿಧಿಯಲ್ಲೇ ಇದೆ. ಒಪ್ಪಿಗೆ ಬರದಿದ್ದರೆ? ಅದಕ್ಕೆ ಅಲ್ಲಿ ಬೇರೆ ದಾರಿ ಬರೆದಿಲ್ಲ. ಅಧ್ಯಕ್ಷರೂ ಬೀಳುವುದಿಲ್ಲ, ಸಂಸತ್ತೂ ವಿಸರ್ಜನೆಯಾಗುವುದಿಲ್ಲ, ಯಾರಾದರೊಬ್ಬರು ಮಣಿಯುವವರೆಗೂ ಇಬ್ಬರೂ ಎದುರುಬದುರು ಕೂತಿರಬಹುದು. ಹಾಗಾಗಿ 2018-19ರಲ್ಲಿ 35 ದಿನ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಬಾಗಿಲು ಹಾಕಿದವು, ಲಕ್ಷಾಂತರ ನೌಕರರಿಗೆ ಆ ದಿನಗಳ ಸಂಬಳ ನಿಂತಿತು. 2025ರಲ್ಲಿ ಇನ್ನೂ ಜಾಸ್ತಿ, 43 ದಿನ.

ಬೆಲ್ಜಿಯಮ್ಮಿನಲ್ಲಿ 2010ರ ಜೂನಿನಲ್ಲಿ ಚುನಾವಣೆಯಾಗಿ, ಹೊಸ ಸರ್ಕಾರ ಬಂದದ್ದು 2011ರ ಡಿಸೆಂಬರಿನಲ್ಲಿ. 541 ದಿನ! ಆದರೂ ರೈಲು ಓಡಿತು, ಪಿಂಚಣಿ ಬಂತು. ಹಳೆಯ ಸರ್ಕಾರವೇ ಉಸ್ತುವಾರಿ ನೋಡಿಕೊಂಡಿತು. ಬಜೆಟ್ ಆಗದಿದ್ದರೆ ತಿಂಗಳಿಗೆ ಹಳೆಯ ಬಜೆಟ್ಟಿನ ಹನ್ನೆರಡರಲ್ಲಿ ಒಂದು ಪಾಲು ಖರ್ಚು ಮಾಡಲು ಸಂಸತ್ತಿನಿಂದ ಒಪ್ಪಿಗೆ ಪಡೆಯುವ ಪದ್ಧತಿ ಅಲ್ಲಿದೆ. ಅಮೆರಿಕದವರು ಸಾಮರ್ಥ್ಯದಲ್ಲಿ ಬೆಲ್ಜಿಯಮ್ಮಿನವರಿಗಿಂತ ಕಡಿಮೆಯೇನಲ್ಲ. ಅವರ ಪುಸ್ತಕದಲ್ಲಿ ಈ ಒಂದು ಕಡೆ ‘ಇಲ್ಲದಿದ್ದರೆ’ ಖಾಲಿ ಇದೆ, ಅಷ್ಟೇ.

ನಮ್ಮಲ್ಲಿ ಹೇಗೆ? ಲೋಕಸಭೆಯಲ್ಲಿ ಬಜೆಟ್ ಸೋತರೆ ಸರ್ಕಾರವೇ ಹೋಗಬೇಕು, ಹಾಗಾಗಿ ಅಂಥ ಜಗ್ಗಾಟಕ್ಕೆ ಜಾಗವೇ ಇಲ್ಲ. ರಾಜ್ಯಸಭೆ ಹಣಕಾಸು ಮಸೂದೆಯನ್ನು 14 ದಿನದೊಳಗೆ ವಾಪಸ್ ಕಳಿಸದಿದ್ದರೆ ಪಾಸ್ ಆಯಿತು ಅಂತಲೇ ಲೆಕ್ಕ. ಇದಕ್ಕಿಂತ ಚೊಕ್ಕವಾದ ‘ಇಲ್ಲದಿದ್ದರೆ’ ಇನ್ನೊಂದು ತೋರಿಸಿ ನೋಡೋಣ.

ಅದೇ ಸಂವಿಧಾನದ 200ನೇ ವಿಧಿ ನೋಡಿ. ರಾಜ್ಯಪಾಲರು ಮಸೂದೆಯನ್ನು ಹಿಂದಕ್ಕೆ ಕಳಿಸುವುದಾದರೆ ‘ಆದಷ್ಟು ಬೇಗ’ ಕಳಿಸಬೇಕು ಅಂತ ಇದೆ. ಆದಷ್ಟು ಬೇಗ ಅಂದರೆ ಎಷ್ಟು ಬೇಗ? ಹೇಳಿಲ್ಲ. ಈ ಸಣ್ಣ ಖಾಲಿ ಜಾಗದಲ್ಲಿ ಹಲವು ರಾಜ್ಯಗಳ ಮಸೂದೆಗಳು ವರ್ಷಗಟ್ಟಲೆ ಮಲಗಿದವು. 2025ರ ಏಪ್ರಿಲಿನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ತಾವೇ ಗಡುವು ಹಾಕಿದರು. ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕುವ ಹಾಗಿಲ್ಲ, ಕಾರಣವೇ ಇಲ್ಲದೆ ಬಹಳ ಕಾಲ ಸುಮ್ಮನಿದ್ದರೆ ಮಾತ್ರ ಸೀಮಿತವಾಗಿ ಕೇಳಬಹುದು ಅಂದಿತು. ಎರಡು ಕಡೆಯ ವಾದದಲ್ಲೂ ಹುರುಳಿದೆ. ನನ್ನ ಅಭಿಪ್ರಾಯ ಕೇಳಿದರೆ, 14 ದಿನ ಅಂತ ಬರೆಯಲು ಬಂದ ಕೈಗೆ ಇಲ್ಲೂ ಒಂದು ಅಂಕಿ ಬರೆಯಲು ಬರುತ್ತಿತ್ತು.

ಈಗ ಉತ್ತರ ಕೊರಿಯಾ. ಹೌದು, ಅಲ್ಲಿನ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ ಇದೆ, ಪತ್ರಿಕಾ ಸ್ವಾತಂತ್ರ್ಯವೂ ಇದೆ. ಸ್ಟಾಲಿನ್ ಕಾಲದ 1936ರ ಸೋವಿಯತ್ ಸಂವಿಧಾನದಲ್ಲೂ 125ನೇ ವಿಧಿಯಲ್ಲಿ ಇತ್ತು. ಮರುವರ್ಷವೇ ಲಕ್ಷಾಂತರ ಜನರನ್ನು ಗುಂಡಿಟ್ಟು ಕೊಂದರು. ಅಲ್ಲಿ ಹಕ್ಕು ಬರೆದವರು ಯಾರೋ, ಮುರಿಯುವವರೂ ಅವರೇ, ದೂರು ಕೇಳುವವರೂ ಅವರೇ. ಬೀಗದ ಕೈ ಎರಡನೆಯವರ ಹತ್ತಿರ ಇಲ್ಲ. ಬ್ರಿಟನ್ನಿನದು ಇದಕ್ಕೆ ಪೂರಾ ಉಲ್ಟಾ. ಒಂದೇ ಪುಸ್ತಕ ಇಲ್ಲ ನಿಜ, ಆದರೆ 1689ರ ಹಕ್ಕುಗಳ ಮಸೂದೆಯಿಂದ ಹಿಡಿದು ರಾಶಿ ಕಾಯಿದೆಗಳು, ತೀರ್ಪುಗಳು, ರೂಢಿಗಳು ಇವೆ. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರ ಸಂಸತ್ತನ್ನು ಮುಚ್ಚಿಸಿದಾಗ ಅಲ್ಲಿನ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರು ಒಮ್ಮತದಿಂದ ಅದು ನಡೆದೇ ಇಲ್ಲ ಅಂತ ಲೆಕ್ಕ ಅಂದರು. ಮರುದಿನ ಸಂಸತ್ತು ಸೇರಿತು. ಪುಸ್ತಕ ಇಲ್ಲದಿದ್ದರೂ ಕೇಳುವವರು ಇದ್ದರು.

ಕೇಳುವವರ ಮಾತು ಬಂದರೆ ನಾವು ಕನ್ನಡದವರು ಸ್ವಲ್ಪ ಎದೆಯುಬ್ಬಿಸಬಹುದು. 1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. 19 ಶಾಸಕರು ಬೆಂಬಲ ವಾಪಸ್ ಪಡೆದರು ಅಂತ ರಾಜ್ಯಪಾಲರಿಗೆ ಪತ್ರಗಳು ಹೋಗಿದ್ದವು. ಅವರಲ್ಲಿ ಕೆಲವರು ಆಮೇಲೆ ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಸದನದಲ್ಲಿ ಬಲ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿದರು, ಬಿಡಲಿಲ್ಲ. ಕೇಸು ಐದು ವರ್ಷ ನಡೆಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಬಂದ ಮಾತು ಇದು: ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಿ ತೀರ್ಮಾನ ಆಗುವಂಥದ್ದಲ್ಲ, ಸದನದಲ್ಲೇ ಎಣಿಸಬೇಕು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ 2018ರ ಮೇನಲ್ಲಿ ಕರ್ನಾಟಕದಲ್ಲಿ ಹದಿನೈದು ದಿನದ ಸಮಯ ಇದ್ದದ್ದು ಎರಡೇ ದಿನಕ್ಕೆ ಇಳಿದದ್ದು, 2019ರ ನವೆಂಬರಿನಲ್ಲಿ ಇಲ್ಲಿ ಮುಂಬೈಯಲ್ಲಿ ಬೆಳ್ಳಂಬೆಳಿಗ್ಗೆ ಪ್ರಮಾಣವಚನವಾದ ಸರ್ಕಾರ ನಾಲ್ಕನೇ ದಿನಕ್ಕೆ ರಾಜೀನಾಮೆ ಕೊಟ್ಟದ್ದು, ಎರಡಕ್ಕೂ ಬೇರು ಹುಬ್ಬಳ್ಳಿಯ ಆ ಮನುಷ್ಯನ ಹಟದಲ್ಲಿದೆ. ಅಂದ ಹಾಗೆ ಮುಂಬೈಯ ಆ ರಾಜೀನಾಮೆ ಬಂದದ್ದು ನವೆಂಬರ್ 26ರಂದು, ಸಂವಿಧಾನ ದಿನ!

ಇನ್ನೊಂದು ನಮ್ಮ ಕಾಸರಗೋಡಿನದು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಜಮೀನಿಗಾಗಿ ಕೇರಳ ಸರ್ಕಾರದ ಮೇಲೆ 1970ರಲ್ಲಿ ದಾವೆ ಹಾಕಿದರು. ಮುಂಬೈಯ ವಕೀಲ ನಾನಿ ಪಾಲ್ಖಿವಾಲಾ ವಾದಿಸಿದರು. 68 ದಿನ ವಿಚಾರಣೆ, 13 ನ್ಯಾಯಮೂರ್ತಿಗಳು, 1973ರ ಏಪ್ರಿಲ್ 24ರಂದು 7-6ರ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವ ಹಾಗಿಲ್ಲ. ಈ ವಿಚಾರವನ್ನು ಇಲ್ಲಿ ಮೊದಲು ಬಿತ್ತಿದವರಲ್ಲಿ ಡೀಟರ್ ಕಾನ್ರಾಡ್ ಅನ್ನುವ ಜರ್ಮನ್ ವಿದ್ವಾಂಸರೂ ಒಬ್ಬರು, 1965ರಲ್ಲಿ ಬನಾರಸ್ಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ. ಇಲ್ಲಿಂದ ಅದು 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ಕೀನ್ಯಾದ ಹೈಕೋರ್ಟು ಅದನ್ನು ಒಪ್ಪಿತು, 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಮ್ಮ ದೇಶದ ಸಂವಿಧಾನಕ್ಕೆ ಇದು ಹೊಂದುವುದಿಲ್ಲ ಅಂತ ಬಿಟ್ಟಿತು. ಹೊಂದದ್ದಕ್ಕೆ ಕಾರಣ ಇದೆ. ಕೀನ್ಯಾದ 2010ರ ಸಂವಿಧಾನದಲ್ಲಿ ಮುಖ್ಯವಾದದ್ದನ್ನು ತಿದ್ದಬೇಕಾದರೆ ಜನಮತಗಣನೆ ಬೇಕೇ ಬೇಕು. ಅಲ್ಲಿ ಕಾವಲಿಗೆ ಜನರೇ ಇದ್ದಾರೆ. ನಮ್ಮಲ್ಲಿ ಆ ಜಾಗ ಖಾಲಿ ಇತ್ತು, ಕೋರ್ಟು ಬಂದು ಕೂತಿತು.

ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಬಗ್ಗೆ ಬರೆಯಲು ಹೋದರೆ ಈ ಉತ್ತರ ಮುಗಿಯಲ್ಲ, ಒಂದೇ ಮಾತು ಹೇಳುತ್ತೇನೆ. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು 1947ರ ಕೊನೆಗೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿಬಂದರು. ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಜೊತೆ ಮಾತಾಡಿ ಬಂದ ಮೇಲೆ 21ನೇ ವಿಧಿಯ ಪದಗಳೇ ಬದಲಾದವು. ನ್ಯಾಯಯುತವಾದ ಪ್ರಕ್ರಿಯೆ ಅನ್ನುವ ಅರ್ಥದ ಮಾತು ಹೋಗಿ ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ ಬಂತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟು ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕು ಅಂತ ಓದಿಕೊಂಡಿತು. ನಡುವಿನ ಸುಮಾರು ಮೂವತ್ತು ವರ್ಷಗಳಲ್ಲಿ ಜೈಲು ಸೇರಿದ ಎಷ್ಟೋ ಜನರ ಹಣೆಬರಹ ಆ ಪದಗಳ ಮೇಲೆ ನಿಂತಿತ್ತು.

ಹಳೆಯದು ಉಳಿಯುವುದಕ್ಕೂ ‘ಇಲ್ಲದಿದ್ದರೆ’ ಕಾರಣ ಅನ್ನುವುದಕ್ಕೆ ಪಕ್ಕದ ಗೋವಾ ನೋಡಿ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದರು, ಅವರ 1867ರ ಸಿವಿಲ್ ಸಂಹಿತೆ ಹೋಗಲಿಲ್ಲ. ತಿದ್ದುವವರೆಗೆ ಅಥವಾ ರದ್ದು ಮಾಡುವವರೆಗೆ ಇರುವ ಕಾನೂನೇ ಮುಂದುವರಿಯುತ್ತದೆ ಅಂತ 1962ರ ಕಾಯಿದೆಯಲ್ಲಿ ಒಂದು ಸಾಲು ಬರೆದಿದ್ದರು. ಪೋರ್ಚುಗಲ್ಲೇ ಆ ಸಂಹಿತೆ ಬಿಟ್ಟು 1966ರಲ್ಲಿ ಹೊಸದು ತಂದುಕೊಂಡಿತು. ಗೋವಾದಲ್ಲಿ ಗಂಡ ಹೆಂಡತಿಯ ಆಸ್ತಿ, ಮಕ್ಕಳ ಪಾಲು ಇವತ್ತಿಗೂ ಬಹುಮಟ್ಟಿಗೆ ಅದೇ ಹಳೆಯ ಸಂಹಿತೆಯ ತತ್ವಗಳ ಮೇಲೆ ನಡೆಯುತ್ತದೆ. ವಾಸ್ಕೋದಲ್ಲಿ ಮನೆ ಮಾಡಿಕೊಂಡ ನಮ್ಮ ಉತ್ತರ ಕನ್ನಡದವರನ್ನು ಕೇಳಿ. ಅಲ್ಲಿಯವರ ಜೊತೆ ಜಾಗದ ವ್ಯವಹಾರ ಮಾಡಿದವರಿಗೆ ಹೆಂಡತಿಯ ಸಹಿಯ ಬೆಲೆ ಗೊತ್ತಿರುತ್ತದೆ.

‘ಇಲ್ಲದಿದ್ದರೆ’ ಇಲ್ಲದ ವಿಧಿಗಳ ಗತಿ ಏನಾಗುತ್ತದೆ ಅನ್ನುವುದಕ್ಕೆ ನಾವಿರುವ ಊರುಗಳೇ ಸಾಕ್ಷಿ. ನಗರಸಭೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಸತಕ್ಕದ್ದು ಅಂತ 243-ಯು ವಿಧಿ ಹೇಳುತ್ತದೆ. ಮುಗಿಸದಿದ್ದರೆ ಏನು ಅಂತ ಹೇಳುವುದಿಲ್ಲ. ಮುಂಬೈ, ಪುಣೆ ಎರಡೂ ಪಾಲಿಕೆಗಳ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಮೀಸಲಾತಿ, ವಾರ್ಡ್ ಗಡಿಯ ವ್ಯಾಜ್ಯ ಕೋರ್ಟಿನಲ್ಲಿ ಉಳಿದು ಮತದಾನ ನಡೆದದ್ದು 2026ರ ಜನವರಿಯಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಗಳೇ ಎಲ್ಲ. ಬೆಂಗಳೂರಿನವರು ನಗಬೇಡಿ. ನಿಮ್ಮ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ.

350-ಎ ವಿಧಿ ಇನ್ನೂ ಹತ್ತಿರದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ‘ಪ್ರಯತ್ನಿಸತಕ್ಕದ್ದು’. 1956ರ 7ನೇ ತಿದ್ದುಪಡಿಯಲ್ಲಿ ಬಂದದ್ದು. ಮುಂಬೈ ಪಾಲಿಕೆ ನಡೆಸುವ ಕನ್ನಡ ಶಾಲೆಗಳು ಇಂಥ ಆಶಯದವೇ. ಅವುಗಳಲ್ಲೊಂದಕ್ಕೆ ಕೆಲವು ವರ್ಷದ ಕೆಳಗೆ ಹೋಗಿದ್ದೆ. ನಾಲ್ಕನೇ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಗೋಡೆಯ ಮೇಲೆ ಅ ಆ ಇ ಈ ಚಾರ್ಟು, ಕಿಟಕಿಯಾಚೆ ಲೋಕಲ್ ರೈಲಿನ ಸದ್ದು. ಟೀಚರು ‘ಸರ್, ಮುಂದಿನ ವರ್ಷ ಈ ಕ್ಲಾಸು ಇರುತ್ತೋ ಗೊತ್ತಿಲ್ಲ’ ಅಂದರು. ಪ್ರಯತ್ನ ಮಾಡಿಲ್ಲ ಅಂತ ಯಾರನ್ನು ಹಿಡಿಯುತ್ತೀರಿ? ಅದರ ಪಕ್ಕಕ್ಕೆ 30ನೇ ವಿಧಿ ಇಟ್ಟು ನೋಡಿ. ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕಿದೆ, ಅದು ಮೂಲಭೂತ ಹಕ್ಕು, ಮುರಿದರೆ ನೇರ ಕೋರ್ಟಿಗೆ ಹೋಗಬಹುದು. ಅಲ್ಪಸಂಖ್ಯಾತರು ಯಾರು ಅನ್ನುವುದನ್ನು ರಾಜ್ಯವಾರು ಲೆಕ್ಕ ಹಾಕಬೇಕು ಅಂತ 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಹೇಳಿದರು. ಮಹಾರಾಷ್ಟ್ರದಲ್ಲಿ ಕನ್ನಡದವರು ಕಟ್ಟಿದ ಶಾಲೆ ಕಾಲೇಜುಗಳು ತಮ್ಮ ಹಕ್ಕು ಅಂತ ಗಟ್ಟಿಯಾಗಿ ಹೇಳಲು ಆಗುವುದು ಇದರಿಂದ. ಎರಡೂ ಒಂದೇ ಪುಸ್ತಕದ ವಿಧಿಗಳು, ಒಂದಕ್ಕೆ ಹಲ್ಲಿದೆ, ಒಂದಕ್ಕಿಲ್ಲ.

ಕೊನೆಗೆ ನಿಮ್ಮ ಸೊಸೈಟಿ. ಇದರಲ್ಲೂ ಸಂವಿಧಾನ ಬಂದು ಹೋಗಿದೆ, ನಿಮಗೆ ಗೊತ್ತಿರಲಿಕ್ಕಿಲ್ಲ. 2012ರಲ್ಲಿ ಜಾರಿಗೆ ಬಂದ 97ನೇ ತಿದ್ದುಪಡಿ ಸಹಕಾರ ಸಂಘಗಳಿಗೇ ಒಂದು ಇಡೀ ಭಾಗ ಸೇರಿಸಿತು. ಕಮಿಟಿಯ ಅವಧಿ ಐದು ವರ್ಷ, ನಿರ್ದೇಶಕರು 21ಕ್ಕಿಂತ ಹೆಚ್ಚಿಲ್ಲ, ಹೀಗೆಲ್ಲ. ಸಹಕಾರ ಸಂಘ ರಾಜ್ಯಗಳ ಪಟ್ಟಿಯ ವಿಷಯ. ಆ ಪಟ್ಟಿಯನ್ನು ಮುಟ್ಟುವ ತಿದ್ದುಪಡಿಗೆ ಕನಿಷ್ಠ ಅರ್ಧ ರಾಜ್ಯಗಳ ಒಪ್ಪಿಗೆ ಬೇಕು, ಅದನ್ನು ಪಡೆದಿರಲಿಲ್ಲ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಹುರಾಜ್ಯ ಸಂಘಗಳಿಗೆ ಸಂಬಂಧಪಟ್ಟದ್ದನ್ನು ಉಳಿಸಿ ಆ ಭಾಗದ ಉಳಿದದ್ದನ್ನು ತೆಗೆದುಹಾಕಿತು. ಸಂವಿಧಾನದ ತಿದ್ದುಪಡಿಯೇ ಕೋರಂ ಇಲ್ಲದೆ ಬಿದ್ದ ಹಾಗೆ! ಆದರೆ ಮಹಾರಾಷ್ಟ್ರ ಅಷ್ಟರಲ್ಲಿ ತನ್ನ ಸಹಕಾರ ಸಂಘಗಳ ಕಾಯಿದೆಯನ್ನೇ ಬದಲಿಸಿಕೊಂಡಿತ್ತು. ಹಾಗಾಗಿ ಐದು ವರ್ಷದ ಅವಧಿ ನಿಮ್ಮ ಕಮಿಟಿಗೂ ಅನ್ವಯಿಸುತ್ತದೆ. ಮುಖ್ಯವಾಗಿ ಅಲ್ಲಿ ‘ಇಲ್ಲದಿದ್ದರೆ’ ಇದೆ: ಅವಧಿ ಮುಗಿದೂ ಹೊಸ ಕಮಿಟಿ ಬರದಿದ್ದರೆ ಆಡಳಿತಗಾರರನ್ನು ನೇಮಿಸುವ ಅಧಿಕಾರ ರಿಜಿಸ್ಟ್ರಾರರಿಗೆ 77-ಎ ಸೆಕ್ಷನ್ನಿನಲ್ಲಿದೆ.

ಇದಕ್ಕೆ ಇಡೀ ಕಟ್ಟಡದ ಸಹಿ ಬೇಕಿಲ್ಲ, ಜಗಳವೂ ಬೇಕಿಲ್ಲ. ಹಿಂದಿನ ಚುನಾವಣೆಯ ತಾರೀಕು, ಕಮಿಟಿ ಅಧಿಕಾರ ವಹಿಸಿಕೊಂಡ ತಾರೀಕು ಎರಡನ್ನೂ ಬರೆದು ಮೊದಲು ಸೆಕ್ರೆಟರಿಗೆ ಒಂದು ಪತ್ರ ಕೊಡಿ, ಉತ್ತರಕ್ಕೆ ಹದಿನೈದು ದಿನ ಕಾಯಿರಿ. ಆಮೇಲೆ ಅದರ ಪ್ರತಿ ಲಗತ್ತಿಸಿ ನಿಮ್ಮ ವಾರ್ಡಿನ ಡೆಪ್ಯುಟಿ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಹಾಕಿ. ಮರಾಠಿಯಲ್ಲಿ ಬರೆದರೆ ಬೇಗ ಓದುತ್ತಾರೆ, ಮಗಳಿಗೆ ಶಾಲೆಯಲ್ಲಿ ಮರಾಠಿ ಇದ್ದೇ ಇರುತ್ತದೆ, ಅವಳ ಕೈಯಲ್ಲೇ ಬರೆಸಿ. ಕೌಂಟರಿನಲ್ಲಿ ಕೊಟ್ಟು ಸುಮ್ನೆ ವಾಪಸ್ ಬರಬೇಡಿ. ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರು, ತಾರೀಕು, ಸೀಲು ಮೂರೂ ಹಾಕಿಸಿಕೊಳ್ಳಿ.